ಪ್ರಾರ್ಥನೆಯ ಮನುಷ್ಯ ಸಂತ ಜೋಸೆಫ್ ವಾಜ್

ಜನವರಿ 16 ಸಂತ ಜೋಸೆಫ್ ವಾಜ್‌ರವರ ಹಬ್ಬ. ಆ ದಿನದ ಪ್ರವಚನಗಳಲ್ಲಿ, ಧರ್ಮೋಪದೇಶದ ತರಗತಿಗಳಲ್ಲಿ ಒಂದು ಘಟನೆ ತಪ್ಪದೆ ಬರುತ್ತದೆ. ಶ್ರೀಲಂಕಾದ ಕ್ಯಾಂಡಿಯಲ್ಲಿ ಮಳೆಯಿಲ್ಲದೆ ಜನರು ಕಂಗಾಲಾಗಿದ್ದಾಗ ಅವರು ಬಯಲಿನಲ್ಲಿ ಮೊಣಕಾಲೂರಿ ಪ್ರಾರ್ಥಿಸಿದರು, ಮಳೆ ಸುರಿಯಿತು. ನಮ್ಮ ಮಕ್ಕಳು ಈ ಚಿತ್ರ ಬಿಡಿಸುವುದೂ ಉಂಟು. ಸುತ್ತಲೂ ಧಾರಾಕಾರ ಮಳೆ, ನಡುವೆ ಒದ್ದೆಯಾಗದ ಪೀಠ, ಅದರ ಮುಂದೆ ಬರಿಗಾಲಿನ ಒಬ್ಬ ಗುರು.

ಈ ಘಟನೆಯನ್ನು ಹೇಳಬಾರದೆಂದು ನಮ್ಮ ಮಾತಲ್ಲ, ಹೇಳಲೇಬೇಕು. ಆದರೆ ಅದೊಂದನ್ನೇ ಹೇಳಿ ಮುಗಿಸಿದರೆ ಸಂತರಿಗೂ ಅನ್ಯಾಯ, ಕೇಳುವವರಿಗೂ ಅನ್ಯಾಯ. ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವ ನಮಗೆಲ್ಲ ಗೊತ್ತಿರುವ ಒಂದು ನೋವಿದೆ. ಒಂದರ ಮೇಲೊಂದು ನೊವೇನಾ ಮುಗಿಸಿದರೂ ಮಗಳ ಕಾಯಿಲೆ ವಾಸಿಯಾಗದ ತಾಯಿ, ವರ್ಷಗಟ್ಟಲೆ ಜಪಸರ ಹೇಳಿದರೂ ಮಗನ ಕುಡಿತ ಬಿಡಿಸಲಾಗದ ತಂದೆ, ತಮ್ಮ ಪ್ರಾರ್ಥನೆಯಲ್ಲೇ ಏನೋ ಕೊರತೆಯಿದೆ ಎಂದು ಕೊರಗುತ್ತಾರೆ. ಅವರ ಮುಂದೆ ಮಳೆಯ ಕಥೆಯನ್ನಷ್ಟೇ ಇಟ್ಟರೆ ಆ ಕೊರಗು ಹೆಚ್ಚೀತೇ ಹೊರತು ಕಡಿಮೆಯಾಗದು. ಜೋಸೆಫ್ ವಾಜ್‌ರ ಬದುಕನ್ನು ಪೂರ್ತಿಯಾಗಿ ನೋಡಿದರೆ, ಆ ಮಳೆಗೆ ಮೊದಲು ಎಷ್ಟು ವರ್ಷಗಳ ಒಣ ಆಕಾಶವಿತ್ತು ಎಂಬುದು ತಿಳಿಯುತ್ತದೆ. ಅದನ್ನು ಇಲ್ಲಿ ಹೇಳಲು ಬಯಸುತ್ತೇವೆ.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಸಾಲ್ಸೆತ್ ಪ್ರಾಂತ್ಯದ ಬಾಣಾವಳಿಯಲ್ಲಿ. ಅದು ತಾಯಿ ಮರಿಯಾ ದೆ ಮಿರಾಂದರ ಊರು. ತಂದೆ ಕ್ರಿಸ್ತೋವಾವ್ ವಾಜ್ ಸಾಂಕವಾಳದವರು. ಆರು ಮಕ್ಕಳಲ್ಲಿ ಜೋಸೆಫ್ ಮೂರನೆಯವರು. ಸಾಂಕವಾಳದಲ್ಲಿ ಪೋರ್ಚುಗೀಸ್, ಬಾಣಾವಳಿಯಲ್ಲಿ ಲ್ಯಾಟಿನ್ ಕಲಿತು, ಹಳೇ ಗೋವಾದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿಯೂ, ಡೊಮಿನಿಕನ್ನರ ಸಂತ ಥಾಮಸ್ ಅಕ್ವಿನಾಸ್ ಕಾಲೇಜಿನಲ್ಲಿಯೂ ಓದಿ, 1676ರಲ್ಲಿ ಗುರುದೀಕ್ಷೆ ಪಡೆದರು.

ದೀಕ್ಷೆಯ ನಂತರ ಅವರು ಪಾದರಕ್ಷೆ ಬಿಟ್ಟರು. ಬಡವರು ಬರಿಗಾಲಲ್ಲಿ ನಡೆಯುವಾಗ ತಾವೂ ಹಾಗೆಯೇ ನಡೆಯಬೇಕೆಂಬುದು ಅವರ ಮನಸ್ಸು. ಗೋವಾದ ಗುರುಗಳಿಗೆ ಆಗ ಸಮಾಜದಲ್ಲಿ ಸಾಕಷ್ಟು ಗೌರವವಿತ್ತು, ಒಳ್ಳೆಯ ಮನೆತನದ ಹುಡುಗನೊಬ್ಬ ಬರಿಗಾಲಲ್ಲಿ ಓಡಾಡುವುದು ಮೆಚ್ಚುವ ಸಂಗತಿಯೇನೂ ಆಗಿರಲಿಲ್ಲ. ಆದರೂ ಅವರ ಪ್ರವಚನ ಕೇಳಲು, ಅವರಲ್ಲಿ ಪಾಪನಿವೇದನೆ ಮಾಡಲು ಜನ ಬರತೊಡಗಿದರು. ಸಾಂಕವಾಳದಲ್ಲಿ ಗುರುಗಳಾಗಬಯಸುವ ಹುಡುಗರಿಗಾಗಿ ಒಂದು ಲ್ಯಾಟಿನ್ ಶಾಲೆಯನ್ನೂ ತೆರೆದರು.

1677ರ ಆಗಸ್ಟ್ 5ರಂದು ಅವರು ಒಂದು ಪತ್ರ ಬರೆದು ಸಹಿ ಹಾಕಿದರು. ಮಾತೆ ಮರಿಯಮ್ಮನವರಿಗೆ ತಮ್ಮನ್ನು ಜೀವಮಾನದ ದಾಸನಾಗಿ ಒಪ್ಪಿಸಿಕೊಂಡ ಪತ್ರವದು. ದಾಸ್ಯಪತ್ರವೆಂದೇ ಅದು ಪ್ರಸಿದ್ಧ. ಈ ಬಗೆಯ ಮರಿಯ ಭಕ್ತಿಯನ್ನು ಲೋಕಕ್ಕೆಲ್ಲ ತಿಳಿಸಿದ ಸಂತ ಲೂಯಿ ದೆ ಮೊಂಫೋರ್‌ರಿಗೆ ಆಗ ನಾಲ್ಕೇ ವರ್ಷ ವಯಸ್ಸು ಎಂಬುದನ್ನು ಗಮನಿಸಬೇಕು. ಗುಲಾಮರನ್ನು ಸಂತೆಯಲ್ಲಿ ಮಾರುತ್ತಿದ್ದ ಕಾಲವದು. ದಾಸನೆಂದರೆ ಏನೆಂದು ಗೋವಾದಲ್ಲಿ ಎಲ್ಲರೂ ಕಣ್ಣಾರೆ ಕಂಡಿದ್ದರು. ದಾಸನಿಗೆ ತನ್ನದೆಂಬ ಸಮಯವಿಲ್ಲ, ತನ್ನ ದುಡಿಮೆಯ ಫಲವನ್ನು ಕೇಳುವ ಹಕ್ಕಿಲ್ಲ. ಇಪ್ಪತ್ತಾರರ ಹರೆಯದ ಗುರು ಇದನ್ನು ತಿಳಿದೇ ಬರೆದರು. ಅವರ ಪ್ರಾರ್ಥನೆಯ ಬೀಗದ ಕೈ ಈ ಪತ್ರದಲ್ಲಿದೆ ಎಂದು ನಮಗನಿಸುತ್ತದೆ. ದೇವರಿಂದ ಏನನ್ನಾದರೂ ಪಡೆಯಲೆಂದು ಕುಳಿತವರ ಪ್ರಾರ್ಥನೆ ಅದಲ್ಲ. ದೇವರ ಕೈಗೆ ತಮ್ಮನ್ನು ಕೊಟ್ಟುಬಿಟ್ಟವರ ಪ್ರಾರ್ಥನೆ ಅದು.

ಆ ಹೊತ್ತಿಗೆ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಸುದ್ದಿ ಗೋವಾಕ್ಕೆ ಬರುತ್ತಿತ್ತು. ಡಚ್ಚರು 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಹಿಡಿದ ಮೇಲೆ ಕಥೋಲಿಕ ಗುರುಗಳನ್ನು ಹೊರಹಾಕಿದ್ದರು. ಗುರುವಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯ ಭಯವಿತ್ತು. ಕಾಲು ಶತಮಾನದಿಂದ ಅಲ್ಲಿನ ವಿಶ್ವಾಸಿಗಳಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸಾಯುವವರಿಗೆ ಅಂತ್ಯಾಭ್ಯಂಗವಿಲ್ಲ. ಜೋಸೆಫ್ ವಾಜ್ ಅಲ್ಲಿಗೆ ಹೋಗುವ ಆಸೆಯನ್ನು ಮೇಲಧಿಕಾರಿಗಳ ಮುಂದಿಟ್ಟರು. ಸಿಕ್ಕ ಉತ್ತರ ಬೇರೆಯೇ ಆಗಿತ್ತು. 1681ರಲ್ಲಿ ಅವರನ್ನು ಕೆನರಾಕ್ಕೆ ವಿಕಾರ್ ಫೊರೇನ್ ಆಗಿ ಕಳುಹಿಸಲಾಯಿತು.

ಹೀಗೆ ಅವರು ನಮ್ಮ ಊರಿಗೆ ಬಂದರು, ತಾವು ಬೇಡಿಕೊಂಡ ಜಾಗಕ್ಕಲ್ಲ. ಕರಾವಳಿಯ ನಾವು ಹೆಮ್ಮೆಯಿಂದ ನೆನೆಯುವ ಆ ಮೂರು ವರ್ಷಗಳು ಅವರ ಪಾಲಿಗೆ ಕೇಳಿದ್ದು ಸಿಗದ ವರ್ಷಗಳು ಎಂಬುದನ್ನು ನಾವು ಮರೆಯುತ್ತೇವೆ.

ಕೆನರಾ ಆಗ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಗೋವಾದಿಂದ ವಲಸೆ ಬಂದ ಕ್ರೈಸ್ತ ಕುಟುಂಬಗಳು ಹೊನ್ನಾವರದಿಂದ ಮಂಗಳೂರಿನವರೆಗೆ ಚದುರಿದ್ದವು. ಇಗರ್ಜಿಗಳು ಹಾಳುಬಿದ್ದಿದ್ದವು, ಗುರುಗಳು ವಿರಳ. ಇದೆಲ್ಲಕ್ಕಿಂತ ದೊಡ್ಡ ಗಾಯ ಇನ್ನೊಂದಿತ್ತು. ಪೋರ್ಚುಗಲ್ ರಾಜನ ಪದ್ರುವಾದೊ ಅಧಿಕಾರಕ್ಕೂ ರೋಮ್‌ನ ಪ್ರೊಪಗಾಂದ ಅಧಿಕಾರಕ್ಕೂ ನಡುವೆ ಜಗಳ ಎದ್ದಿತ್ತು. ರೋಮ್ ನೇಮಿಸಿದ ಧರ್ಮಾಧ್ಯಕ್ಷ ಥೋಮಸ್ ದೆ ಕಾಸ್ತ್ರೊ ಮಂಗಳೂರಿನಲ್ಲಿದ್ದರು. 1680ರಲ್ಲಿ ಮಿಲಾಗ್ರಿಸ್ ಚರ್ಚ್ ಕಟ್ಟಿಸಿದವರು ಅವರೇ. ಇತ್ತ ಜೋಸೆಫ್ ವಾಜ್ ಗೋವಾದ ಮಹಾಧರ್ಮಾಧ್ಯಕ್ಷ ಪೀಠದ ಪರವಾಗಿ ಬಂದವರು. ಯಾರ ಗುರು ನಿಜವಾದ ಗುರು, ಯಾರು ಕೊಟ್ಟ ಸಂಸ್ಕಾರ ಸಿಂಧು ಎಂಬ ಪ್ರಶ್ನೆಯಲ್ಲಿ ಕುಟುಂಬ ಕುಟುಂಬಗಳೇ ಇಬ್ಭಾಗವಾಗಿದ್ದವು. ಸಭೆಯ ಒಳಜಗಳ ಕಂಡವರಿಗೆ ಗೊತ್ತು, ಇಂಥ ಹೊತ್ತಿನಲ್ಲಿ ಪ್ರಾರ್ಥನೆ ಕೂಡ ಪಕ್ಷ ಕಟ್ಟುವ ಆಯುಧವಾಗಿಬಿಡುತ್ತದೆ.

ಈ ಯುವ ಗುರು ತಮ್ಮನ್ನು ಕಳುಹಿಸಿದವರಿಗೆ ವಿಧೇಯರಾಗಿಯೇ ಉಳಿದರು, ಧರ್ಮಾಧ್ಯಕ್ಷರಿಗೆ ಸಲ್ಲಬೇಕಾದ ಗೌರವವನ್ನೂ ಬಿಡಲಿಲ್ಲ. ಜನರ ಮನಸ್ಸಾಕ್ಷಿಗೆ ತೊಂದರೆಯಾಗದಂತೆ, ಸಂಸ್ಕಾರಗಳು ನಿಲ್ಲದಂತೆ ನೋಡಿಕೊಳ್ಳಲು ಹೆಣಗಿದರು. ಜಗಳ ಅವರಿಂದ ಮುಗಿಯಲಿಲ್ಲ, ಅವರ ನಂತರವೂ ಬಹಳ ಕಾಲ ನಡೆಯಿತು. ಅವರು ಮಾಡಿದ್ದು ನಡಿಗೆ. ಗಂಗೊಳ್ಳಿ, ಬಸ್ರೂರು, ಕುಂದಾಪುರ, ಬಾರ್ಕೂರು, ಕಲ್ಯಾಣಪುರ, ಮೂಲ್ಕಿ, ಮಂಗಳೂರು ಎಂದು ಬರಿಗಾಲಲ್ಲಿ ನಡೆದು, ಕೊಂಕಣಿಯಲ್ಲಿ ಬೋಧಿಸಿ, ಪಾಪನಿವೇದನೆ ಕೇಳಿ, ಭಕ್ತಸಂಘಗಳನ್ನು ಕಟ್ಟಿ, ಶಾಲೆಗಳನ್ನು ತೆರೆದರು. ಭಿಕ್ಷೆ ಎತ್ತಿ ಕೂಡಿಸಿದ ಹಣದಿಂದ ಗುಲಾಮರನ್ನು ಬಿಡಿಸಿದರು. ಮಂಗಳೂರಿನ ರೊಜಾರಿಯೊ ಚರ್ಚಿನ ಪುನರ್ನಿರ್ಮಾಣಕ್ಕೂ ಉತ್ತರದ ಹಲವು ಇಗರ್ಜಿಗಳ ಪುನರುಜ್ಜೀವನಕ್ಕೂ ಅವರ ಹೆಸರು ಜೋಡಿಕೊಂಡಿದೆ. ಮಳೆಗಾಲದಲ್ಲಿ ಒಂದೊಂದು ಹೊಳೆಯೂ ಒಂದೊಂದು ಗಡಿಯಾಗುತ್ತಿದ್ದ, ಸೇತುವೆಗಳಿಲ್ಲದ ಆ ಕಾಲದ ಕರಾವಳಿಯನ್ನು ಕಲ್ಪಿಸಿಕೊಂಡರೆ ಈ ನಡಿಗೆಯ ತೂಕ ತಿಳಿದೀತು.

ಕೊಣಾಜೆಯಿಂದ ಮುಂದೆ ಸಿಗುವ ಮುಡಿಪಿನ ಗುಡ್ಡದ ಕಥೆಯನ್ನು ನಮ್ಮ ಹಿರಿಯರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ವೈರಿಗಳು ಕಾಯಿಲೆಯವರಿದ್ದಾರೆಂದು ಸುಳ್ಳು ಹೇಳಿ ರಾತ್ರಿ ಅವರನ್ನು ಅಲ್ಲಿಗೆ ಕರೆದೊಯ್ದರಂತೆ. ಅಪಾಯ ತಿಳಿದ ಗುರುಗಳು ಓಡಲಿಲ್ಲ, ಮೊಣಕಾಲೂರಿದರು. ಬೆಳಕು ಮೂಡಿತು, ಅವರ ಕೋಲು ತಗುಲಿದ ಕಡೆ ನೀರಿನ ಒರತೆ ಚಿಮ್ಮಿತು ಎಂದು ಪರಂಪರೆ ಹೇಳುತ್ತದೆ. ಇದನ್ನು ಜನರ ನಂಬಿಕೆಯ ನೆನಪೆಂದು ಗೌರವದಿಂದ ಸ್ವೀಕರಿಸುತ್ತೇವೆ. ನಮ್ಮ ಮನಸ್ಸು ನಿಲ್ಲುವುದು ಕಥೆಯ ಮೊದಲ ಭಾಗದಲ್ಲಿ. ಅಪರಾತ್ರಿಯಲ್ಲಿ, ಮೋಸವೂ ಇರಬಹುದಾದ ಒಂದು ಕರೆಗೆ, ರೋಗಿಯೊಬ್ಬರು ಕಾಯುತ್ತಿರಬಹುದೆಂದು ಎದ್ದು ಹೊರಟ ಗುರು ಅವರು. ಜನ ಅವರನ್ನು ನೆನಪಿಟ್ಟುಕೊಂಡದ್ದು ಹಾಗೆ.

1684ರಲ್ಲಿ ಅವರು ಗೋವಾಕ್ಕೆ ಮರಳಿದರು. ಹಳೇ ಗೋವಾದ ಗುಡ್ಡದ ಮೇಲಿನ ಪವಾಡ ಶಿಲುಬೆಯ ಚರ್ಚಿನಲ್ಲಿ ಕೆಲವು ಸ್ಥಳೀಯ ಗುರುಗಳು ಒಟ್ಟಾಗಿ ಬಾಳಲು ತೊಡಗಿದ್ದರು. ಆ ಕಾಲದಲ್ಲಿ ಭಾರತೀಯ ಗುರುಗಳಿಗೆ ಯುರೋಪಿನ ಸನ್ಯಾಸಿ ಸಭೆಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. 1685ರ ಸೆಪ್ಟೆಂಬರಿನಲ್ಲಿ ಜೋಸೆಫ್ ವಾಜ್ ಅವರನ್ನು ಸೇರಿಕೊಂಡರು, ಸ್ವಲ್ಪದರಲ್ಲೇ ಅವರ ಶ್ರೇಷ್ಠರಾಗಿ ಆರಿಸಲ್ಪಟ್ಟರು. ಸಂತ ಫಿಲಿಪ್ ನೇರಿಯವರ ಒರೆಟೋರಿಯ ನಿಯಮಗಳನ್ನು ಅಳವಡಿಸಿ ಆ ಗುಂಪಿಗೆ ಒಂದು ಚೌಕಟ್ಟು ಕೊಟ್ಟರು. ಪ್ರಾರ್ಥನೆ, ಧ್ಯಾನ, ಬೋಧನೆ, ಬಡವರ ಸೇವೆ ಅಲ್ಲಿನ ದಿನಚರಿ. ಅಷ್ಟರಲ್ಲಿ ಮತ್ತೆ ಸಿಲೋನಿನ ಮಾತು ಎತ್ತಿದರು. 1686ರಲ್ಲಿ ಅನುಮತಿ ಸಿಕ್ಕಿತು. ಶ್ರೇಷ್ಠರ ಸ್ಥಾನ ಬಿಟ್ಟು, ಮನೆಯ ಸೇವಕ ಹುಡುಗ ಜಾನ್‌ನನ್ನು ಕರೆದುಕೊಂಡು, ನಮ್ಮ ಕರಾವಳಿಯನ್ನೇ ಹಿಡಿದು ದಕ್ಷಿಣಕ್ಕೆ ನಡೆದರು.

ಬೇಡಿಕೆ ಈಡೇರಿತು ಎಂದು ಇಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟಾರು. ಮುಂದಿನದನ್ನು ನೋಡಬೇಕು.

1687ರಲ್ಲಿ ತೂತುಕುಡಿಯಿಂದ ಕೂಲಿಯವನ ವೇಷದಲ್ಲಿ, ಸೊಂಟಕ್ಕೊಂದು ಬಟ್ಟೆ ಸುತ್ತಿಕೊಂಡು ಹಡಗು ಹತ್ತಿದರು. ಬಲಿಪೂಜೆಗೆ ಬೇಕಾದ ಸಾಮಾನುಗಳು ಜಾನ್‌ನ ಬಳಿಯ ಗಂಟಿನಲ್ಲಿದ್ದವು. ಕಷ್ಟದ ಪಯಣದ ನಂತರ ಜಾಫ್ನಾ ತಲುಪುವಾಗ ಅವರು ಭೇದಿಯಿಂದ ನಿತ್ರಾಣರಾಗಿದ್ದರು. ರೋಗ ಹರಡೀತೆಂಬ ಭಯದಿಂದ ಅವರನ್ನು ಊರ ಹೊರಗಿನ ಗುಡಿಸಲಿಗೆ ದೂಡಲಾಯಿತು. ದಯೆಯಿದ್ದ ಒಬ್ಬ ಹೆಂಗಸು ತಂದುಕೊಟ್ಟ ಗಂಜಿ ಅವರ ಜೀವ ಉಳಿಸಿತು. ಆರು ವರ್ಷ ಕಾದು, ಅಷ್ಟು ದೂರ ನಡೆದು, ಕೊನೆಗೆ ಗುಡಿಸಲಿನಲ್ಲಿ ಬಿದ್ದುಕೊಳ್ಳಲೆಂದೇ ದೇವರು ಕರೆತಂದರೇ ಎಂದು ಕೇಳುವುದು ಸಹಜ. ಅವರು ಹಾಗೆ ಕೇಳಿದರೋ ಇಲ್ಲವೋ, ಎದ್ದ ಮೇಲೆ ಮಾಡಿದ್ದು ಮಾತ್ರ ಗೊತ್ತಿದೆ. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು.

ಈ ಭಿಕ್ಷಾಟನೆ ಅವರ ಜೀವನದಲ್ಲೇ ನಮಗೆ ಬಹಳ ಪ್ರಿಯವಾದ ಭಾಗ. ಯಾರು ಕಥೋಲಿಕರು, ಯಾರು ಅಲ್ಲ ಎಂದು ತಿಳಿಯುವ ದಾರಿ ಇರಲಿಲ್ಲ. ಬಾಯಿಬಿಟ್ಟು ಕೇಳಿದರೆ ಪ್ರಾಣಕ್ಕೆ ಕುತ್ತು. ಆದ್ದರಿಂದ ಅವರು ಜಪಸರವನ್ನು ತೋರಿಸುತ್ತಾ ನಡೆದರು, ನೋಡುವವರ ಕಣ್ಣುಗಳನ್ನು ಗಮನಿಸಿದರು. ಗುರುಗಳಿಲ್ಲದ ಸುಮಾರು ಮೂವತ್ತು ವರ್ಷಗಳಲ್ಲಿ ಆ ಮನೆಗಳಲ್ಲಿ ಉಳಿದುಕೊಂಡಿದ್ದ ಭಕ್ತಿ ಮುಖ್ಯವಾಗಿ ಮನೆಯೊಳಗಿನದು, ಬಾಗಿಲು ಮುಚ್ಚಿ ಪಿಸುದನಿಯಲ್ಲಿ ಹೇಳುವ ಪ್ರಾರ್ಥನೆ. ಜಪಸರವನ್ನು ಗುರುತಿಸಿದ ಒಂದು ಕುಟುಂಬ ಅವರನ್ನು ಒಳಗೆ ಕರೆಯಿತು. ನಮ್ಮ ಮನೆಗಳಲ್ಲಿ ಸಂಜೆಯ ತೆರ್ಸ್ ಟಿವಿ ಧಾರಾವಾಹಿಗೂ ಮೊಬೈಲಿಗೂ ಸೋಲುತ್ತಿರುವ ಈ ದಿನಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಂಥ ಗುರು ನಮ್ಮ ಬಾಗಿಲಿಗೆ ಬಂದರೆ ಜಪಸರದಿಂದ ನಮ್ಮನ್ನು ಗುರುತಿಸಿಯಾರೇ?

ಜಾಫ್ನಾ ಬಳಿಯ ಸಿಲ್ಲಾಲೈ ಗ್ರಾಮವನ್ನು ನೆಲೆಯಾಗಿಸಿಕೊಂಡು ಎರಡು ವರ್ಷ ಗುಟ್ಟಾಗಿ ಸೇವೆ ಮಾಡಿದರು. ರಾತ್ರಿ ನಡಿಗೆ, ರಾತ್ರಿಯೇ ಪಾಪನಿವೇದನೆ, ಬೆಳಕು ಹರಿಯುವ ಮೊದಲು ಬಲಿಪೂಜೆ. ಡಚ್ಚರಿಗೆ ಸುಳಿವು ಸಿಕ್ಕಿತು. 1689ರ ಕ್ರಿಸ್ಮಸ್ ರಾತ್ರಿ ಅಧಿಕಾರಿ ವಾನ್ ರೀಡೆಯ ಸೈನಿಕರು ದಾಳಿ ಮಾಡಿ ಪೂಜೆಗೆ ಸೇರಿದ್ದ ಸುಮಾರು 300 ಜನರನ್ನು ಹಿಡಿದರು. ಗುರುಗಳು ಸಿಗಲಿಲ್ಲ. ಅವರು ಸೈನಿಕರ ಕಣ್ಣಿಗೇ ಬೀಳಲಿಲ್ಲವೆಂದು ಭಕ್ತರು ಹೇಳುತ್ತಾರೆ. ಎಂಟು ಮಂದಿಗೆ ಘೋರ ಶಿಕ್ಷೆಯಾಯಿತು. ಅವರಲ್ಲಿ ಒಬ್ಬರು, ಕ್ಯಾಲ್ವಿನ್ ಪಂಥದಿಂದ ಕಥೋಲಿಕರಾಗಿ ಬಂದಿದ್ದವರು, ಚಾಟಿಯೇಟಿನಿಂದಲೇ ಸತ್ತರು. ಉಳಿದವರು ಕಠಿಣ ದುಡಿಮೆಯಲ್ಲಿ ಸವೆದು ಪ್ರಾಣ ಬಿಟ್ಟರು.

ಪ್ರವಚನಗಳಲ್ಲಿ ನಾವು ಈ ಜಾಗವನ್ನು ಬೇಗ ದಾಟುತ್ತೇವೆ. ಸಂತರು ಪಾರಾದರು ಎಂದು ಸಂತೋಷಪಟ್ಟು ಮುಂದಕ್ಕೆ ಹೋಗುತ್ತೇವೆ. ಆದರೆ ಆ ಎಂಟು ಮಂದಿ ಅವರ ಕೈಯಿಂದ ಪರಮಪ್ರಸಾದ ಸ್ವೀಕರಿಸಿದ ಜನ. ಅವರಿಗಾಗಿ ಅವರು ಪ್ರಾರ್ಥಿಸದೆ ಇದ್ದಾರೆಯೇ? ಮಳೆ ತರಿಸಿದ ಪ್ರಾರ್ಥನೆ ಇಲ್ಲಿ ಚಾಟಿಯನ್ನು ತಡೆಯಲಿಲ್ಲ. ಗೆತ್ಸೆಮನಿಯ ತೋಟದಲ್ಲಿ ನಮ್ಮ ಪ್ರಭು ಬೆವರು ರಕ್ತವಾಗುವಷ್ಟು ಶ್ರದ್ಧೆಯಿಂದ ಬೇಡಿದಾಗಲೂ ಪಾತ್ರೆ ಅವರಿಂದ ತೊಲಗಲಿಲ್ಲ. ತಮ್ಮ ಪ್ರಾರ್ಥನೆಗೆ ಶಕ್ತಿ ಸಾಲದೆಂದು ಕೊರಗುವ ತಾಯಿ ತಂದೆಯರಿಗೆ ಜೋಸೆಫ್ ವಾಜ್‌ರ ಜೀವನದಲ್ಲಿ ಮೊದಲು ತೋರಿಸಬೇಕಾದದ್ದು ಕ್ಯಾಂಡಿಯ ಮಳೆಯನ್ನಲ್ಲ, ಜಾಫ್ನಾದ ಈ ಕ್ರಿಸ್ಮಸ್ ರಾತ್ರಿಯನ್ನು. ದೇವರು ಅವರನ್ನು ಕೈಬಿಟ್ಟಿರಲಿಲ್ಲ, ಅವರ ಶ್ರದ್ಧೆಯಲ್ಲಿ ಕೊರತೆಯೂ ಇರಲಿಲ್ಲ. ಆದರೂ ಆ ರಾತ್ರಿ ಹಾಗೆಯೇ ಮುಗಿಯಿತು.

ಅವರು ಡಚ್ಚರ ಹಿಡಿತದ ಹೊರಗಿದ್ದ ಪುತ್ತಳಂ ಕಡೆಗೆ ಹೋದರು. ಅಲ್ಲಿ ಕೆಲಕಾಲ ದುಡಿದು, 1692ರಲ್ಲಿ ಕ್ಯಾಂಡಿಯತ್ತ ಹೊರಟರು. ಕ್ಯಾಂಡಿ ಎರಡನೆಯ ವಿಮಲಧರ್ಮಸೂರ್ಯ ಎಂಬ ಬೌದ್ಧ ರಾಜನ ರಾಜಧಾನಿ. ಅಲ್ಲಿಯೂ ಕಥೋಲಿಕರಿದ್ದರು. ಬಾಗಿಲಲ್ಲೇ ಮತ್ತೊಂದು ಪೆಟ್ಟು ಕಾದಿತ್ತು. ರಾಜನ ಬಳಿಯಿದ್ದ ಫ್ರೆಂಚ್ ಪ್ರೊಟೆಸ್ಟೆಂಟನೊಬ್ಬ ಇವರು ಪೋರ್ಚುಗೀಸರ ಗೂಢಚಾರರೆಂದು ದೂರು ಕೊಟ್ಟ. ಅವರನ್ನು ಸೆರೆಮನೆಗೆ ಹಾಕಲಾಯಿತು.

ಸೆರೆಯಲ್ಲಿ ಅವರು ಸಿಂಹಳ ಭಾಷೆ ಕಲಿತರು. ಕಾವಲು ಸಡಿಲವಾಗುತ್ತಾ ಬಂದಂತೆ ಒಂದು ಗುಡಿಸಲು ಕಟ್ಟಿ ಅದನ್ನೇ ಪ್ರಾರ್ಥನಾ ಮಂದಿರ ಮಾಡಿಕೊಂಡರು. ಪೂಜೆ ಅರ್ಪಿಸತೊಡಗಿದರು. ಊರಿನ ಕಥೋಲಿಕರು ಒಬ್ಬೊಬ್ಬರಾಗಿ ಅಲ್ಲಿಗೇ ಬಂದರು. ತಮಗೆ ಬೇಕಾದ ಪರಿಸ್ಥಿತಿ ಒದಗಿದ ಮೇಲೆ ಪ್ರಾರ್ಥಿಸುತ್ತೇನೆಂದು ಕಾಯುವ ಅಭ್ಯಾಸ ಅವರಿಗಿರಲಿಲ್ಲ. ಭಾಷೆ ಕಲಿಯುವ ಬೇಸರದ ದುಡಿಮೆ, ಗುಡಿಸಲಿಗೆ ಸೋಗೆ ಹೊದಿಸುವ ಕೆಲಸ, ಪೂಜೆ, ಜಪಸರ ಎಲ್ಲವೂ ಒಂದೇ ದಿನದಲ್ಲಿ ಒಂದರ ಪಕ್ಕ ಒಂದು ಇದ್ದವು. ಪ್ರಾರ್ಥನೆಯ ಶ್ರದ್ಧೆಯನ್ನು ದನಿಯ ಏರಿಕೆಯಿಂದ, ಕಣ್ಣೀರಿನಿಂದ, ಕೈಯೆತ್ತಿದವರ ಸಂಖ್ಯೆಯಿಂದ ಅಳೆಯುವ ರೂಢಿ ನಮ್ಮ ಕೆಲವು ಪ್ರಾರ್ಥನಾಕೂಟಗಳಲ್ಲಿ ಬಂದಿದೆ. ಕಣ್ಣೀರು ತಪ್ಪಲ್ಲ, ಅದು ದೇವರ ಕೊಡುಗೆಯೇ ಆಗಿರಬಹುದು. ಆದರೆ ಕ್ಯಾಂಡಿಯ ಸೆರೆಮನೆಯ ಅಳತೆಗೋಲು ಬೇರೆ. ಯಾರೂ ನೋಡದ ಕಡೆ, ಏನೂ ಬದಲಾಗದ ದಿನಗಳಲ್ಲಿ, ನಾಳೆಯೂ ಅದೇ ಹೊತ್ತಿಗೆ ಮೊಣಕಾಲೂರುವುದೇ ಅಲ್ಲಿನ ಶ್ರದ್ಧೆ.

ಇದರ ನಂತರ ಬಂದದ್ದು ಬರಗಾಲ. ಮಳೆ ಕೈಕೊಟ್ಟಿತು, ಬೆಳೆ ಒಣಗಿತು. ರಾಜನು ಮೊದಲು ತನ್ನ ಧರ್ಮದ ಭಿಕ್ಕುಗಳಿಂದ ಪ್ರಾರ್ಥನೆ ಮಾಡಿಸಿದ. ಮಳೆ ಬಾರದಿದ್ದಾಗ ಕಥೋಲಿಕರ ಗುರುಗಳಿಗೂ ಹೇಳಿಕಳುಹಿಸಿದ. ಜೋಸೆಫ್ ವಾಜ್ ಸಾರ್ವಜನಿಕ ಬಯಲಿನಲ್ಲಿ ಪೀಠವೊಂದನ್ನು ಸಿದ್ಧಪಡಿಸಿ, ಅದರ ಮೇಲೆ ಶಿಲುಬೆಯನ್ನಿಟ್ಟು, ಮೊಣಕಾಲೂರಿ ಪ್ರಾರ್ಥಿಸಿದರು. ಮಳೆ ಬಂತು, ಧಾರಾಳವಾಗಿ ಬಂತು. ಅವರೂ ಪೀಠವೂ ನೆನೆಯಲಿಲ್ಲ ಎಂಬುದನ್ನು ಅವರ ಜೀವನಚರಿತ್ರೆಗಳು ಹೇಳುತ್ತವೆ.

ಸಂತ ಯಕೋಬರು ತಮ್ಮ ಪತ್ರದ ಕೊನೆಯ ಅಧ್ಯಾಯದಲ್ಲಿ ನೀತಿವಂತರ ಪ್ರಾರ್ಥನೆಯ ಬಲಕ್ಕೆ ಎಲೀಯ ಪ್ರವಾದಿಯನ್ನು ಸಾಕ್ಷಿಯಾಗಿ ಕರೆಯುತ್ತಾರೆ. ಅಲ್ಲಿಯೂ ಮಳೆಯದೇ ಮಾತು. ಆದರೆ ಎಲೀಯನು ನಮ್ಮ ಹಾಗೆಯೇ ಇದ್ದ ಮನುಷ್ಯನೆಂದು ಅವರು ಮೊದಲು ನೆನಪಿಸುತ್ತಾರೆ. ಅರಸುಗಳ ಗ್ರಂಥದಲ್ಲಿ ನೋಡಿದರೆ, ಕರ್ಮೆಲ್ ಬೆಟ್ಟದಲ್ಲಿ ಎಲೀಯನು ನೆಲಕ್ಕೆ ಬಾಗಿ ಪ್ರಾರ್ಥಿಸುವಾಗ ಅವನ ಸೇವಕ ಮತ್ತೆ ಮತ್ತೆ ಹೋಗಿ ಸಮುದ್ರದತ್ತ ನೋಡಿ ಬರಿಗೈಯಲ್ಲಿ ಮರಳುತ್ತಾನೆ. ಏಳನೆಯ ಸಲ ಅಂಗೈಯಷ್ಟು ಮೋಡ ಕಾಣಿಸುತ್ತದೆ. ಗೋವಾದ ಮನವಿ, ಕೆನರಾದ ನಡಿಗೆ, ಜಾಫ್ನಾದ ಗುಡಿಸಲು, ಕ್ರಿಸ್ಮಸ್ ರಾತ್ರಿ, ಕ್ಯಾಂಡಿಯ ಸೆರೆ ಇವೆಲ್ಲ ಬರಿ ಆಕಾಶ ನೋಡಿ ಬಂದ ಸಲಗಳೇ.

ಮಳೆಯಿಂದ ರಾಜನೇನೂ ಕ್ರೈಸ್ತನಾಗಲಿಲ್ಲ. 1707ರಲ್ಲಿ ಸಾಯುವವರೆಗೂ ಬೌದ್ಧನಾಗಿಯೇ ಉಳಿದ. ಅವನು ಕೊಟ್ಟದ್ದು ಸ್ವಾತಂತ್ರ್ಯ. ರಾಜ್ಯದಲ್ಲೆಲ್ಲ ಓಡಾಡಿ ತಮ್ಮ ಜನರನ್ನು ನೋಡಿಕೊಳ್ಳಲು, ಬೋಧಿಸಲು ಗುರುಗಳಿಗೆ ಅನುಮತಿ ದೊರೆಯಿತು. ಕ್ರೈಸ್ತರೆನಿಸಿಕೊಂಡ ಡಚ್ಚರು ಬೇಟೆಯಾಡುತ್ತಿದ್ದ ಗುರುವಿಗೆ ನೆರಳು ಕೊಟ್ಟವನು ಒಬ್ಬ ಬೌದ್ಧ ಅರಸ. ಈ ಘಟನೆಯನ್ನು ಒಂದು ಧರ್ಮ ಇನ್ನೊಂದರ ಮೇಲೆ ಗೆದ್ದ ಕಥೆಯಂತೆ ಹೇಳುವವರು ಇದನ್ನು ಗಮನಿಸಿದರೆ ಒಳ್ಳೆಯದು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ರಾಜನೂ ಅನುಕೂಲಸ್ಥರೂ ಊರು ಬಿಟ್ಟರು. ಕಾಯಿಲೆಯವರನ್ನು ಮನೆಯವರೇ ಹೊರಗೆ ಬಿಟ್ಟು ಹೋಗುತ್ತಿದ್ದರು. ಅಷ್ಟರಲ್ಲಿ ಗೋವಾದಿಂದ ಒರೆಟೋರಿಯನ್ ಗುರುಗಳು ನೆರವಿಗೆ ಬಂದಿದ್ದರು. ಅವರಲ್ಲೊಬ್ಬರು ವಾಜ್‌ರ ಸೋದರಳಿಯ ಜೋಸೆಫ್ ಕಾರ್ವಾಲ್ಯೊ. ಇಬ್ಬರೂ ಊರಲ್ಲೇ ನಿಂತರು. ರೋಗಿಗಳಿಗೆ ಚಪ್ಪರ ಹಾಕಿದರು, ಅನ್ನ ನೀರು ಕೊಟ್ಟರು, ಹುಣ್ಣು ತೊಳೆದರು, ಸತ್ತವರನ್ನು ಹೂಳಿದರು. ಬೌದ್ಧರು, ಕ್ರೈಸ್ತರು ಎಂದು ನೋಡಲಿಲ್ಲ. ಊರಿಗೆ ಊರೇ ಖಾಲಿಯಾದಾಗ ಉಳಿದವರು ಇವರಿಬ್ಬರೆಂಬುದನ್ನು ರಾಜನೂ ಮರೆಯಲಿಲ್ಲ. ಮಳೆಗಾಗಿ ಮೊಣಕಾಲೂರಿದ ಬಯಲಿಗೂ ಸಿಡುಬಿನವರ ಚಪ್ಪರಕ್ಕೂ ದೂರ ಹೆಚ್ಚಿರಲಿಲ್ಲ. ಮಳೆಯ ಚಿತ್ರ ಬಿಡಿಸುವ ಮಕ್ಕಳಿಗೆ ನಮ್ಮ ಧರ್ಮೋಪದೇಶಕರು ಈ ಚಪ್ಪರವನ್ನೂ ಬಿಡಿಸಲು ಹೇಳಿಕೊಟ್ಟರೆ ಚೆನ್ನ.

ಕೊಚ್ಚಿಯ ಧರ್ಮಾಧ್ಯಕ್ಷರು ಅವರನ್ನು ಸಿಲೋನಿನ ವಿಕಾರ್ ಜನರಲ್ ಆಗಿ ನೇಮಿಸಿದರು. ದ್ವೀಪವನ್ನು ಎಂಟು ವಿಭಾಗಗಳಾಗಿ ಹಂಚಿ ಒಂದೊಂದಕ್ಕೂ ಗುರುಗಳನ್ನು ಗೊತ್ತುಮಾಡಿದರು. ಗುರುಗಳು ವರ್ಷಕ್ಕೊಮ್ಮೆ ಬಂದರೆ ಹೆಚ್ಚು, ಹಾಗಿದ್ದ ಕಡೆಗಳಲ್ಲಿ ಭಾನುವಾರ ಜನರನ್ನು ಕೂಡಿಸಿ ಪ್ರಾರ್ಥನೆ ನಡೆಸುವವರು, ಮಕ್ಕಳಿಗೆ ಜಪ ಕಲಿಸುವವರು, ಸಾಯುವವರ ಪಕ್ಕ ಕುಳಿತು ಪ್ರಾರ್ಥಿಸುವವರು ಆ ಊರಿನವರೇ ಆದ ಶ್ರೀಸಾಮಾನ್ಯ ಮುಖಂಡರು. ಅವರನ್ನು ಅಣ್ಣಾವಿಗಳೆಂದು ಕರೆಯುತ್ತಿದ್ದರು. ನಮ್ಮ ವಾಳೆಗಳ ಗುರಿಕಾರರ ನೆನಪಾಗುತ್ತದೆ. ಒಬ್ಬ ಸಂತನ ಪ್ರಾರ್ಥನೆಯ ಬಲದಿಂದ ದ್ವೀಪವೊಂದು ವಿಶ್ವಾಸ ಉಳಿಸಿಕೊಂಡಿತು ಎನ್ನುವುದು ಅರ್ಧ ಸತ್ಯ. ಪ್ರಾರ್ಥಿಸುವುದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳದೆ ಊರೂರಿನ ಕೈಗೆ ಕೊಟ್ಟರು. 1705ರಲ್ಲಿ ಬಂದ ಫಾದರ್ ಜಾಕೊಮೆ ಗೊನ್ಸಾಲ್ವಿಸ್‌ರವರು ಸಿಂಹಳ ಮತ್ತು ತಮಿಳಿನಲ್ಲಿ ಬರೆದ ಗ್ರಂಥಗಳು ಈ ಕೆಲಸಕ್ಕೆ ಬೆನ್ನೆಲುಬಾದವು. ಧರ್ಮಾಧ್ಯಕ್ಷರಾಗಬೇಕೆಂಬ ಸಲಹೆ ಬಂದಾಗ ಜೋಸೆಫ್ ವಾಜ್ ಒಪ್ಪಲಿಲ್ಲ.

ನಡಿಗೆ, ಉಪವಾಸ, ಜ್ವರಗಳಿಂದ ದೇಹ ಸೋತಿತ್ತು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ಪ್ರಭುವಿನಲ್ಲಿ ನಿದ್ರೆಹೋದರು. ಆಗ ಅವರಿಗೆ 59 ವರ್ಷ. 24 ವರ್ಷಗಳ ಹಿಂದೆ ಬಿಟ್ಟುಬಂದ ತಾಯ್ನಾಡನ್ನು ಮತ್ತೆ ನೋಡಿರಲಿಲ್ಲ. ಒಬ್ಬ ಗುರುವೂ ಇಲ್ಲದಿದ್ದ ದ್ವೀಪದಲ್ಲಿ ಅವರ ಕೊನೆಗಾಲಕ್ಕೆ ಸುಮಾರು 70,000 ಕಥೋಲಿಕರು ಬಹಿರಂಗವಾಗಿಯೋ ಗುಟ್ಟಾಗಿಯೋ ಸಂಸ್ಕಾರಗಳನ್ನು ಪಡೆಯುತ್ತಿದ್ದರೆಂದು ಲೆಕ್ಕ ಹೇಳುತ್ತಾರೆ. ಗೋವಾದ ಒರೆಟೋರಿಯನ್ ಗುರುಗಳು ಅವರ ನಂತರವೂ ನೂರು ವರ್ಷಕ್ಕೂ ಮಿಕ್ಕಿ ಅಲ್ಲಿ ದುಡಿದರು.

ಧರ್ಮಸಭೆ ಅವರನ್ನು ಪೀಠಕ್ಕೇರಿಸಲು ಬಹಳ ಕಾಲ ಹಿಡಿಯಿತು. 1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪೌಲ್ ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. 2015ರ ಜನವರಿ 14ರಂದು ಅದೇ ನಗರದಲ್ಲಿ ಜಗದ್ಗುರು ಫ್ರಾನ್ಸಿಸ್ ಸಂತ ಪದವಿ ನೀಡಿದರು. ಎರಡನೆಯ ಪವಾಡಕ್ಕಾಗಿ ಕಾಯದೆಯೇ ಕೊಟ್ಟ ಪದವಿಯದು. ಧರ್ಮದ ಗಡಿ ನೋಡದೆ ಕಷ್ಟದಲ್ಲಿದ್ದವರ ಸೇವೆ ಮಾಡಿದ್ದನ್ನು ಅಂದಿನ ಪ್ರವಚನದಲ್ಲಿ ವಿಶೇಷವಾಗಿ ನೆನೆದರು.

ಅವರನ್ನು ಹೂಳಿದ್ದು ಕ್ಯಾಂಡಿಯ ತಮ್ಮ ಚರ್ಚಿನಲ್ಲಿಯೇ. 1740ರ ದಶಕದಲ್ಲಿ ಅಲ್ಲಿ ಕಥೋಲಿಕರ ಮೇಲೆ ಮತ್ತೆ ಹಿಂಸೆ ತಲೆದೋರಿದಾಗ ಆ ಚರ್ಚು ನಾಶವಾಯಿತು. ಸಮಾಧಿಯ ಜಾಗ ಮರೆತುಹೋಯಿತು, ಪಾರ್ಥಿವ ಶರೀರ ಈವರೆಗೆ ಸಿಕ್ಕಿಲ್ಲ.  ಮರಿಯಮ್ಮನವರಿಗೆ ತಮ್ಮನ್ನೇ ಬರೆದುಕೊಟ್ಟ ದಾಸ್ಯಪತ್ರ ಮಾತ್ರ ಉಳಿದಿದೆ.